ಕುರ್ಚಿ ಒಲ್ಲೆನೆಂದ ವರ್ಷ

ಸೋಲಾಪುರದ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಪ್ರತಿವರ್ಷ ಚಳಿಗಾಲದಲ್ಲಿ ಒಂದು ಓಟ ನಡೆಯುತ್ತಿತ್ತು. ಹುಡುಗಿಯರು ಮೈದಾನವನ್ನು ಸುತ್ತು ಹಾಕಬೇಕು; ಹಾಕಿದ ಸುತ್ತಿಗೆ ತಕ್ಕಂತೆ ಮನೆಯ ಹಿರಿಯರು, ಓಣಿಯ ಅಂಗಡಿಯವರು ದೇಣಿಗೆ ಕೊಡಬೇಕು. ಅದೆಲ್ಲ ಅಂಗವಿಕಲ ಮಕ್ಕಳ ಒಂದು ವಸತಿಗೃಹಕ್ಕೆ ಹೋಗುತ್ತಿತ್ತು. ಮೈ ಗಟ್ಟಿಯಾಗಬೇಕು, ಮನಸ್ಸು ಮೆತ್ತಗಾಗಬೇಕು ಎಂದು ನಮ್ಮ ಮುಖ್ಯಾಧ್ಯಾಪಿಕೆ ಪ್ರಾರ್ಥನೆಯ ಹೊತ್ತಿನಲ್ಲಿ ಹೇಳುತ್ತಿದ್ದರು. ಮರಾಠಿ ಶಾಲೆಗಳಲ್ಲಿ ಶಿಕ್ಷಕಿಯರನ್ನು ಬಾಯಿ ಎನ್ನುತ್ತಾರೆ, ಮುಖ್ಯಾಧ್ಯಾಪಿಕೆ ಮೋಠ್ಯಾ ಬಾಯಿ. ಕನ್ನಡ ಮನೆಯಿಂದ ಬರುತ್ತಿದ್ದ ನಾವು ಕೆಲವರು ಅದನ್ನು ಮನಸ್ಸಿನಲ್ಲೇ 'ದೊಡ್ಡ ಬಾಯಿ' ಎಂದು ಮಾಡಿಕೊಂಡು ತುಟಿ ಕಚ್ಚಿ ನಗುತ್ತಿದ್ದೆವು. ಅವರು ಕೆಟ್ಟವರಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಆ ದಿನಗಳಲ್ಲಿ ನಾನು ಹೆಚ್ಚಾಗಿ ಎದುರಾಡಿದ್ದು ಅವರಿಗೇ.

ನಾನು ಆಗತಾನೇ ನಡೆಯಲು ಕಲಿತಿದ್ದೆನಂತೆ. ಪೋಲಿಯೊ ಬಂತು, ಜ್ವರ ಇಳಿದ ಮೇಲೆ ಎಡಗಾಲು ಬಲಗಾಲಿನ ಜೊತೆ ಬೆಳೆಯಲಿಲ್ಲ. ತೊಡೆಯಿಂದ ಹಿಮ್ಮಡಿಯವರೆಗೆ ಎರಡು ಕಬ್ಬಿಣದ ಸರಳು, ಅವನ್ನು ಕಾಲಿಗೆ ಬಿಗಿಯುವ ಚರ್ಮದ ಪಟ್ಟಿಗಳು, ಕೆಳಗೆ ದಪ್ಪ ಅಟ್ಟೆಯ ಬೂಟು. ಡಾಕ್ಟರರು ಅದಕ್ಕೆ ಕ್ಯಾಲಿಪರ್ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಇಡೀ ಸರಂಜಾಮಿಗೆ ಬೂಟು ಎಂದೇ ಹೆಸರು. ಕೂರುವಾಗ ಮೊಣಕಾಲಿನ ಬಳಿಯ ಕೊಂಡಿ ಎತ್ತಬೇಕು, ಏಳುವಾಗ ಮತ್ತೆ ಇಳಿಸಬೇಕು. ನಡೆದರೆ ಎಡಗಾಲು ಸ್ವಲ್ಪ ಹೊರಗೆ ಬೀಸಿಕೊಂಡು ಮುಂದೆ ಬೀಳುತ್ತಿತ್ತು. ಅಪ್ಪನ ತಾಯಿ, ನಮ್ಮ ಆಯಿ, ಆ ಬೂಟು ಯಾರಿಗೂ ಕಾಣಬಾರದೆಂದು ನನಗೆ ನೆಲಕ್ಕೆ ತಾಗುವಷ್ಟು ಉದ್ದದ ಪರಕಾರ ಹೊಲಿಸುತ್ತಿದ್ದಳು. ಉಳಿದ ಹುಡುಗಿಯರು ಮೊಣಕಾಲಿನವರೆಗಿನ ನೀಲಿ ಲಂಗ ಹಾಕಿಕೊಂಡು ಶಾಲೆಗೆ ಬಂದರೆ ನಾನು ಮಾತ್ರ ಅದೇ ನೀಲಿ ಬಟ್ಟೆಯ ಪರಕಾರದಲ್ಲಿ ಅಂಗಳ ಗುಡಿಸಿಕೊಂಡು ಹೋಗುತ್ತಿದ್ದೆ.

"ಮುಚ್ಚಿದ್ದಷ್ಟೂ ಚೊಲೋ," ಎನ್ನುತ್ತಿದ್ದಳು ಆಯಿ. "ನಾಳೆ ನೋಡಾಕ ಬರೂ ಮಂದಿಗಿ ಇವತ್ತ ಯಾಕ ಎಲ್ಲಾ ತೋರಸಬೇಕು?"

ನಾನಿನ್ನೂ ಏಳನೆಯ ಇಯತ್ತೆಯಲ್ಲಿದ್ದೆ. ನೋಡಲು ಬರುವ ಮಂದಿಯ ಚಿಂತೆ ಆಗಲೇ ಮನೆಯಲ್ಲಿ ಕಾಲು ಚಾಚಿ ಕೂತಿತ್ತು.

ಆ ವರ್ಷ ಓಟಕ್ಕೆ ನಾಲ್ಕು ದಿನ ಮೊದಲು ಮೋಠ್ಯಾ ಬಾಯಿ ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಅವರು ಮಾತಾಡಿದ್ದು ಮರಾಠಿಯಲ್ಲಿ. ನನಗೆ ನೆನಪಿರುವುದು ಅವರ ಕೈ ನನ್ನ ತಲೆಯ ಮೇಲಿದ್ದದ್ದು.

"ಮಗೂ, ಎಲ್ಲರೂ ಓಡುವಾಗ ನೀನೊಬ್ಬಳೇ ಹೊರಗೆ ಉಳಿಯುವುದು ನನಗೆ ಸರಿ ಕಾಣುವುದಿಲ್ಲ. ಈ ಸಲ ನಿನಗೂ ಕೆಲಸ ಕೊಡುತ್ತೇನೆ. ವೇದಿಕೆಯ ಮೇಲೆ ಕುರ್ಚಿ ಹಾಕಿಸುತ್ತೇನೆ. ನೀನು ದೇಣಿಗೆಯ ಡಬ್ಬಿ ಹಿಡಿದುಕೊಂಡು ಕೂತರೆ ಸಾಕು. ಅಂದು ಮಾತ್ರ ಲಂಗ ಹಾಕಿಕೊಂಡು ಬಾ. ಪರಕಾರ ಬೇಡ."

ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ? ವೇದಿಕೆ ಎಂದರೆ ಬಹುಮಾನ ಗೆದ್ದವರು ಹತ್ತುವ ಜಾಗ. ಓಟದ ದಿನ ಆಯಿಗೆ ಹೇಳದೆ ಗೆಳತಿಯೊಬ್ಬಳ ಲಂಗವನ್ನು ಶಾಲೆಯಲ್ಲೇ ಹಾಕಿಕೊಂಡೆ; ನನಗೆ ಹೂವಿನ ಮಾಲೆಯನ್ನೂ ಹಾಕಿದರು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಹುಡುಗಿಯರು ಮೈದಾನದಲ್ಲಿ ಸುತ್ತು ಹಾಕತೊಡಗಿದರು. ಮೊದಲ ಸುತ್ತಿನಲ್ಲಿ ನನ್ನ ಗೆಳತಿಯರು ನನ್ನ ಕಡೆ ಕೈ ಬೀಸಿದರು. ಆಮೇಲೆ ಅವರಿಗೆ ಏದುಸಿರು ಹತ್ತಿತು, ನನ್ನನ್ನು ಮರೆತರು.

ಆಗ ದೊಡ್ಡವರು ಒಬ್ಬೊಬ್ಬರಾಗಿ ವೇದಿಕೆಯ ಹತ್ತಿರ ಬಂದರು. ಸರಾಫ ಕಟ್ಟೆಯವರು, ಜವಳಿ ಪೇಟೆಯವರು, ಅವರ ಮನೆಯ ಹೆಣ್ಣುಮಕ್ಕಳು. ಪ್ರತಿಯೊಬ್ಬರೂ ಮೊದಲು ಬೂಟನ್ನು ನೋಡುತ್ತಿದ್ದರು, ಆಮೇಲೆ ಮುಖವನ್ನು. ಡಬ್ಬಿಗೆ ಹಾಕುವಾಗ ಬಾಯಲ್ಲಿ ಚು ಚು ಎಂದು ಸದ್ದು ಮಾಡುತ್ತಿದ್ದರು. ಒಬ್ಬ ಹೆಂಗಸು ತನ್ನ ಸಣ್ಣ ಮಗನ ಕೈಯಲ್ಲಿ ನಾಣ್ಯ ಹಾಕಿಸಿ, "ನೋಡು, ದೇವರು ನಿನಗ ಎಷ್ಟ ಚೊಲೋ ಇಟ್ಟಾನ. ಕೈ ಮುಗಿ," ಎಂದಳು. ಆ ಹುಡುಗ ನನಗೆ ಕೈ ಮುಗಿದ. ಅವನಿಗೆ ನನ್ನನ್ನು ಕಂಡರೆ ಭಯವಾಗಿತ್ತು.

ಆಮೇಲೆ ಅಪ್ಪ ಬಂದ. ಅಪ್ಪನಿಗೆ ಚಾದರದ ಅಂಗಡಿ ಇತ್ತು. ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ಯಾರ ಮನಸ್ಸನ್ನೂ ನೋಯಿಸದೆ ಮಾತಾಡುವುದು ಅವನಿಗೆ ರಕ್ತಗತವಾಗಿತ್ತು. ಪರಿಚಯದವರ ಜೊತೆ ನಗುತ್ತ ಬಂದವನು ನನ್ನ ಮುಂದೆ ನಿಂತ. ಎಲ್ಲರಂತೆ ಡಬ್ಬಿಗೆ ಹಾಕಿದ. ಎಲ್ಲರೂ ಬೂಟು ನೋಡಿದ್ದರು, ಮುಖ ನೋಡಿದ್ದರು. ಅಪ್ಪ ಎರಡನ್ನೂ ನೋಡಲಿಲ್ಲ. ಡಬ್ಬಿಯ ಸೀಳನ್ನು ನೋಡಿ ಹೊರಟುಹೋದ. ನನ್ನ ಖುಷಿ ಅಲ್ಲಿಗೆ ಮುಗಿಯಿತು.

ಅಪ್ಪ ನನ್ನನ್ನು ಟಾಂಗಾದಲ್ಲಿ ಕರೆತಂದ. ಮನೆಯಲ್ಲಿ ಆಯಿ ಬಾಗಿಲಲ್ಲೇ ಕಾಯುತ್ತಿದ್ದಳು. ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು.

"ಇಡೀ ಪ್ಯಾಟಿ ನೋಡೇತಿ," ಎಂದಳು ಅಪ್ಪನಿಗೆ. "ನಾ ಇಷ್ಟ ವರ್ಷ ಮುಚ್ಚಿಟ್ಟದ್ದ ನೀವು ಮೆರವಣಿಗಿ ಮಾಡಿಸಿ ಬಂದ್ರಿ."

ಶಾಲೆಗೆ ನನ್ನ ಬೂಟು ಕಾಣಬೇಕಿತ್ತು, ಆಯಿಗೆ ಕಾಣಬಾರದಿತ್ತು. ಇಬ್ಬರೂ ನನ್ನನ್ನು ಕೇಳಿರಲಿಲ್ಲ. ಮಾಲೆ ಕಿತ್ತು ನಡುಮನೆಯಲ್ಲಿ ಇಟ್ಟು ನಾನು ಹೇಳಿದೆ:

"ಅಪ್ಪಾ, ಮುಂದಿನ ವರ್ಷ ನಾ ಕುರ್ಚಿ ಮ್ಯಾಲ ಕುಂಡ್ರಂಗಿಲ್ಲ."

"ಯಾರ ಕುಂಡ್ರಸ್ತಾರ?" ಎಂದಳು ಆಯಿ. "ಮುಂದಿನ ವರ್ಷ ಆ ದಿನ ಸಾಲಿಗೇ ಹೋಗೂದ ಬ್ಯಾಡ."

"ಹೋಗ್ತೀನಿ. ಓಡಾಕ ಹೋಗ್ತೀನಿ."

ಅಪ್ಪ ಚಪ್ಪಲಿ ಬಿಡುತ್ತ, "ಆಮ್ಯಾಲ ನೋಡೂಣು," ಎಂದ. ಕೊಳ್ಳುವ ಮನಸ್ಸಿಲ್ಲದ ಗಿರಾಕಿಗಳು ಅಂಗಡಿಯಲ್ಲಿ ಅವನಿಗೆ ಹೇಳುತ್ತಿದ್ದ ಮಾತು ಅದು.

ಆ ಬೇಸಿಗೆ ಅವ್ವನ ಜೊತೆ ಅವಳ ತವರಿಗೆ ಹೋದೆ. ಅವ್ವನ ತವರು ಅಕ್ಕಲಕೋಟೆಯ ಕಡೆ, ಕುರನೂರ. ಅವ್ವನ ಅಣ್ಣ, ನನ್ನ ಸೋದರಮಾವ, ಅಲ್ಲಿ ಬೇಸಾಯ ಮಾಡುತ್ತಿದ್ದ. ಆತನ ಹೆಂಡತಿಗೆ ನಾನು ಮಾಮಿ ಎನ್ನುತ್ತಿದ್ದೆ. ಮಾಮಿ ಜೋರು ಹೆಂಗಸು. ಮನೆ ತುಂಬ ಕೆಲಸ, ನೆರವಿಗೆ ಇನ್ನೊಂದು ಕೈ ಇಲ್ಲ. ಮೊದಲ ದಿನವೇ ರೊಟ್ಟಿಯ ಗಂಟು ಕಟ್ಟಿ ನನ್ನ ಮುಂದೆ ಇಟ್ಟಳು.

"ನಿಮ್ಮ ಮಾಮಾಗ ಹೊಲಕ್ಕ ಬುತ್ತಿ ಒಯ್ದು ಕೊಡು."

ಅವ್ವ ಒಳಗಿನಿಂದ, "ವೈನಿ, ಆಕಿಗಿ ಹೆಂಗ ಆಗತೈತಿ?" ಎಂದಳು.

ಮಾಮಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕ, ಕಾಲಿಲ್ಲೇನು? ಎರಡು ಕಾಣಾಕತ್ತಾವಲ್ಲ. ಒಂದು ಸಣ್ಣದೈತಿ, ಅಷ್ಟ. ಲಗೂ ಹೋಗು, ರೊಟ್ಟಿ ಆರತಾವ."

ನನ್ನ ಕಾಲಿನ ಬಗ್ಗೆ ಇಷ್ಟು ಸಲೀಸಾಗಿ ಯಾರೂ ಮಾತಾಡಿದ್ದೇ ಇಲ್ಲ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗಂಟು ಎತ್ತಿಕೊಂಡು ಹೊರಟೆ.

ಹೊಲ ಬೋರಿ ಹೊಳೆಯ ಅಣೆಕಟ್ಟಿನ ಆಚೆಗಿತ್ತು. ಊರು ದಾಟಿ ಏರಿಯ ಮೇಲೆ ನಡೆದು ಆ ತುದಿಯಲ್ಲಿ ಇಳಿಯಬೇಕು. ಉದ್ದನೆಯ ಪರಕಾರ ಮುಳ್ಳಿಗೆ ಸಿಕ್ಕಿತು, ಕಲ್ಲಿಗೆ ಸಿಕ್ಕಿತು, ಕೊನೆಗೆ ನನ್ನದೇ ಬೂಟಿಗೆ ಸಿಕ್ಕಿ ನಾನು ಮುಗ್ಗರಿಸಿ ಬಿದ್ದೆ. ಬುತ್ತಿಯ ಗಂಟು ಬಿಚ್ಚಲಿಲ್ಲ, ಅದೇ ಪುಣ್ಯ. ಏರಿಯ ಮೇಲೆ ಯಾರೂ ಇರಲಿಲ್ಲ. ಎದ್ದು ಪರಕಾರವನ್ನು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಗಾಳಿ ಕಾಲಿಗೆ ತಾಗಿತು. ಒಂದು ಕಡೆ ನೀರು, ಇನ್ನೊಂದು ಕಡೆ ಕೂಳೆ ನಿಂತ ಕಬ್ಬಿನ ಹೊಲ, ನಡುವೆ ನಾನು ಬೂಟು ಕಾಣುವಂತೆ ಬಿಟ್ಟುಕೊಂಡು ನಡೆಯುತ್ತಿದ್ದೆ.

ಮಾವ ಗಂಟು ತೆಗೆದುಕೊಂಡು, "ತಡಾ ಆತಲ್ಲ," ಎಂದ. ನನಗೆ ಒಂದು ರೊಟ್ಟಿ ಮುರಿದು ಕೊಟ್ಟ.

ಸಂಜೆ ತೊಡೆಯ ಪಟ್ಟಿಯ ಕೆಳಗೆ ಚರ್ಮ ಸುಲಿದಿದ್ದನ್ನು ನೋಡಿ ಅವ್ವ ಅಳತೊಡಗಿದಳು. ಮಾಮಿ ಹಳೆಯ ಧೋತರದ ಮೆತ್ತನೆ ಬಟ್ಟೆ ಹರಿದು ಪಟ್ಟಿಯ ಒಳಗೆ ಸುತ್ತಲು ಕೊಟ್ಟಳು, ಹಚ್ಚಿಕೊಳ್ಳಲು ಕೊಬ್ಬರಿ ಎಣ್ಣೆ ಕೊಟ್ಟಳು. ಆಮೇಲೆ ಒಂದು ಮಾತು ಕೇಳಿದಳು.

"ನಾಳಿಗಿ ಬುತ್ತಿ ನೀ ಒಯ್ತಿಯೋ, ಬ್ಯಾರೆ ಯಾರನ್ನರ ನೋಡ್ಲ್ಯೋ?"

"ನಾನ ಒಯ್ತೀನಿ."

ರಜೆ ಮುಗಿಯುವ ತನಕ ಬುತ್ತಿ ನಾನೇ ಒಯ್ದೆ. ಕಾಲೇನೂ ಸುಧಾರಿಸಲಿಲ್ಲ, ಅಂಥ ಪವಾಡಗಳು ಆಗುವುದಿಲ್ಲ. ಆದರೆ ಯಾವ ಇಳಿಜಾರಿನಲ್ಲಿ ಹೇಗೆ ವಾಲಬೇಕು, ಎಲ್ಲಿ ದಮ್ಮು ಹಿಡಿಯಬೇಕು, ಎಷ್ಟು ಹೊತ್ತಿಗೊಮ್ಮೆ ನಿಲ್ಲಬೇಕು ಎಂಬುದು ನನಗೆ ಗೊತ್ತಾಯಿತು. ಓಡಲು ನನ್ನಿಂದ ಆಗುವುದಿಲ್ಲ, ನಡೆಯಲು ಆಗುತ್ತದೆ ಎಂಬುದೂ ಗೊತ್ತಾಯಿತು.

ಆ ಚಳಿಗಾಲದಲ್ಲಿ ಓಟದ ಬದಲು ನಡಿಗೆಯೇ ಬಂತು. ಸುತ್ತಮುತ್ತಲಿನ ಕೆಲವು ಶಾಲೆಗಳು ಕೂಡಿ ದೊಡ್ಡ ಕಾರ್ಯಕ್ರಮ ಮಾಡುವುದೆಂದು ನಿಶ್ಚಯವಾಯಿತು. ಅಕ್ಕಲಕೋಟ ರೋಡ್ ಎಂಬ ರೈಲು ನಿಲ್ದಾಣ ಅಕ್ಕಲಕೋಟೆಯ ಊರಿನಿಂದ ಏಳು ಮೈಲಿಯಷ್ಟು ದೂರ ಇದೆ. ಹುಡುಗಿಯರೆಲ್ಲ ಅಲ್ಲಿಯವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಊರೊಳಗಿನ ಮೈದಾನಕ್ಕೆ ನಡೆದುಕೊಂಡು ಬರಬೇಕು. ಅಲ್ಲಿ ಸಭೆ, ಊಟ. ದೇಣಿಗೆ ಅದೇ ವಸತಿಗೃಹಕ್ಕೆ. ನಮ್ಮ ಡ್ರಿಲ್ ಸರ್ ತರಗತಿಗೆ ಬಂದು ನಡೆಯುವವರು ಕೈ ಎತ್ತಿ ಎಂದಾಗ ನಾನೂ ಎತ್ತಿದೆ. ಅವರು ನನ್ನ ಕೈಯನ್ನು ನೋಡಿ ಪಕ್ಕದವಳ ಹೆಸರು ಬರೆದುಕೊಂಡರು. ನಾನು ಕೈ ಇಳಿಸಲಿಲ್ಲ.

"ನೀನು ವೇದಿಕೆಯ ಮೇಲೆ," ಎಂದರು.

"ಇಲ್ಲ ಸರ್. ಮಲಾ ಚಾಲಾಯಚಂ ಆಹೇ." ನನಗೆ ನಡೆಯಬೇಕಿದೆ ಎಂದೆ. ತರಗತಿ ನಕ್ಕಿತು. ಸರ್ ನಗಲಿಲ್ಲ. ನನ್ನನ್ನು ಮೋಠ್ಯಾ ಬಾಯಿಯ ಹತ್ತಿರ ಕರೆದುಕೊಂಡು ಹೋದರು.

ಮೋಠ್ಯಾ ಬಾಯಿ ಬಹಳ ಹೊತ್ತು ಪ್ರೀತಿಯಿಂದ ತಿಳಿಸಿ ಹೇಳಿದರು. ದಾರಿ ದೂರ, ಬಿಸಿಲು, ಏನಾದರೂ ಆದರೆ ಜವಾಬ್ದಾರಿ ಯಾರದು? "ಹೋದ ವರ್ಷ ನಿನ್ನಿಂದಾಗಿ ಎಷ್ಟು ಜನ ಮನಸ್ಸು ಬಿಚ್ಚಿ ಕೊಟ್ಟರು ಗೊತ್ತೇ? ಅದೇನು ಸಣ್ಣ ಸೇವೆಯೇ?"

"ಬಾಯಿ, ಅವರು ನನ್ನನ್ನು ನೋಡಿ ಕೊಟ್ಟರು. ಉಳಿದ ಹುಡುಗಿಯರಿಗೆ ಓಡಿದ್ದಕ್ಕೆ ಕೊಟ್ಟರು. ನಾನು ಏನೂ ಮಾಡಲಿಲ್ಲ. ಈ ಸಲ ನಾನೂ ಮಾಡುತ್ತೇನೆ."

"ನಿನ್ನ ತಂದೆ ಬಂದು ಹೇಳಲಿ," ಎಂದರು ಅವರು. ಅಪ್ಪ ಬಂದು ಬೇಡವೆನ್ನುತ್ತಾನೆ ಎಂಬ ಖಾತ್ರಿ ಅವರಿಗಿತ್ತು. ನನಗೂ ಹೆಚ್ಚುಕಡಿಮೆ ಇತ್ತು.

ಮನೆಯಲ್ಲಿ ಊಟದ ಹೊತ್ತಿಗೆ ವಿಷಯ ಎತ್ತಿದೆ. ಆಯಿ ತಟ್ಟೆ ಸರಿಸಿದಳು. "ಮೊದಲ ಪ್ಯಾಟಿ ನೋಡ್ತು, ಈಗ ಹಳ್ಳಿ ಹಳ್ಳಿ ನೋಡಬೇಕೇನು? ಹೆಣ್ಣಹುಡುಗಿ ಹಾದ್ಯಾಗ ಕುಂಟಕೋಂತ ಹೋದ್ರ ಮಂದಿ ಏನಂದಾರು?"

"ಕುಂಟಿ ಅಂತಾರ," ಎಂದೆ. "ಈಗೂ ಅಂತಾರ. ನಾ ಮನಿಯಾಗ ಕುಂತ್ರೂ ಅಂತಾರ. ಆಯಿ, ಪರಕಾರ ಹಾಕ್ಕೊಂಡ್ರ ನಾ ಬೀಳ್ತೀನಿ. ನಾ ಲಂಗಾ ಹಾಕ್ಕೊಂಡ ನಡೀತೀನಿ."

ಆಯಿ ಅಪ್ಪನ ಕಡೆ ನೋಡಿದಳು. ಅವ್ವ ಒಲೆಯ ಕಡೆ ನೋಡಿದಳು. ಅಪ್ಪ ಕೈಯಲ್ಲಿದ್ದ ತುತ್ತನ್ನು ಬಾಯಿಗೆ ಹಾಕದೆ ನನ್ನನ್ನು ಕೇಳಿದ:

"ನಡುವ ಹಾದ್ಯಾಗ ಬಿದ್ರ?"

"ಏಳ್ತೀನಿ."

"ಏಳಾಕ ಆಗಲಿಲ್ಲಂದ್ರ?"

"ಹಿಂದ ಸಾಲಿ ಗಾಡಿ ಇರತೈತಿ. ಹತ್ತಿ ಕುಂಡ್ರತೀನಿ. ಆದ್ರ ಮೊದಲ ನಡೀತೀನಿ."

ಅಪ್ಪ ತುತ್ತನ್ನು ತಟ್ಟೆಗೆ ಇಳಿಸಿದ. ಆಮೇಲೆ ಆಯಿಗೆ ಹೇಳಿದ: "ಅವ್ವಾ, ಹೋದ ವರ್ಷ ಆಕಿ ಆ ಡಬ್ಬಿ ಹಿಡಕೊಂಡ ಕುಂತದ್ದು ನನಗ ನೋಡಾಕ ಆಗಲಿಲ್ಲ. ಬಿದ್ದದ್ದ ಬೇಕಾದ್ರ ನೋಡ್ತೀನಿ."

ಮರುದಿನ ಅಂಗಡಿ ತೆರೆಯುವ ಮೊದಲು ಶಾಲೆಗೆ ಬಂದು ಅಪ್ಪ ಮೋಠ್ಯಾ ಬಾಯಿಯವರಿಗೆ ಅದೇ ನಯವಾದ ದನಿಯಲ್ಲಿ, ನನ್ನ ಮಗಳು ನಡೆಯುತ್ತಾಳೆ, ಕುರ್ಚಿಗೆ ಬೇರೆ ಯಾರನ್ನಾದರೂ ನೋಡಿರಿ ಎಂದು ಹೇಳಿಹೋದ. ಆಯಿ ನನ್ನೊಂದಿಗೆ ಮಾತು ಬಿಟ್ಟಳು.

ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ನಾವು ಹೊರಟೆವು. ನಿಲ್ದಾಣದ ಹೊರಗೆ ಬೇರೆ ಶಾಲೆಗಳವರೂ ಸೇರಿದ್ದರು. ಯಾರೋ ಗಣ್ಯರು ಬಾವುಟ ಬೀಸಿದರು. ಹುಡುಗಿಯರು ಹಾಡು ಹೇಳುತ್ತ ಹೊರಟರು. ಹಾಡು ಸ್ವಲ್ಪ ಹೊತ್ತಿನಲ್ಲೇ ನನ್ನಿಂದ ದೂರವಾಯಿತು, ಆಮೇಲೆ ಕೇಳದಾಯಿತು. ರಸ್ತೆಯ ಮೇಲೆ ನಾನು ಮತ್ತು ಹಿಂದಿನಿಂದ ಮೆಲ್ಲಗೆ ಬರುತ್ತಿದ್ದ ಟೆಂಪೊ ಉಳಿದೆವು. ಟೆಂಪೊದಲ್ಲಿ ನೀರಿನ ಕ್ಯಾನು, ಔಷಧದ ಪೆಟ್ಟಿಗೆ, ಡ್ರೈವರ್ ಪಕ್ಕದಲ್ಲಿ ಡ್ರಿಲ್ ಸರ್.

"ಹತ್ತು," ಎಂದರು ಅವರು ಮೊದಲ ಮೈಲಿಗಲ್ಲಿನ ಹತ್ತಿರ.

"ಇಲ್ಲ ಸರ್."

ಸ್ವಲ್ಪ ದೂರ ಬಿಟ್ಟು ಮತ್ತೆ ಕೇಳಿದರು. ನಾನು ಮತ್ತೆ ಇಲ್ಲವೆಂದೆ. ಅಷ್ಟರಲ್ಲಿ ಮುಂದಿನಿಂದ ಸೈಕಲ್ಲಿನವನೊಬ್ಬ ಬಂದು, ಬೇರೆ ಶಾಲೆಯ ಹುಡುಗಿಯರಿಬ್ಬರು ತಲೆ ಸುತ್ತಿ ಕೂತಿದ್ದಾರೆ, ಗಾಡಿ ಬೇಕು ಎಂದ. ಸರ್ ನನ್ನನ್ನು ನೋಡಿದರು, ಟೆಂಪೊ ನೋಡಿದರು. ಬೈಯುತ್ತ ಕೆಳಗಿಳಿದರು. ಟೆಂಪೊ ಧೂಳೆಬ್ಬಿಸಿ ಮುಂದೆ ಹೋಯಿತು. ಅದು ತಿರುಗಿ ಬರಲೇ ಇಲ್ಲ. ಅಂದು ತಲೆ ಸುತ್ತಿದವರು ಬಹಳ ಮಂದಿ, ಎಲ್ಲರದೂ ಎರಡು ಗಟ್ಟಿ ಕಾಲು.

ಸರ್ ಕರವಸ್ತ್ರವನ್ನು ತಲೆಗೆ ಕಟ್ಟಿಕೊಂಡು ನನ್ನ ಹಿಂದೆ ನಡೆದರು. ಅವರು ಮಂಗಳವೇಢೆಯವರು. ಶಾಲೆಯಲ್ಲಿ ಮರಾಠಿ ಬಿಟ್ಟು ಬೇರೆ ಮಾತೇ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಆ ಖಾಲಿ ರಸ್ತೆಯಲ್ಲಿ ಮಾತ್ರ ಅವರ ಬೇಸರ ಕನ್ನಡದಲ್ಲಿ ಹೊರಬಿತ್ತು.

"ನೋವ ಆಗಾಕತ್ತೈತೇನು?"

"ಹೂಂನ್ರಿ."

"ಮತ್ಯಾಕ ಈ ಹಠ?"

"ನಿಮ್ಮ ಕಾಲೂ ನೋಯಾಕತ್ತಿರಬೇಕಲ್ರಿ ಸರ್. ನಿಮ್ಮನ್ನ ಯಾರೂ ಯಾಕ ಅಂತ ಕೇಳಾಂಗಿಲ್ಲ."

ಹಿಂದೆ ನಡೆಯುತ್ತಿದ್ದ ಅವರು ನನ್ನ ಪಕ್ಕಕ್ಕೆ ಬಂದರು.

ಎರಡೂ ಕಡೆ ಜೋಳ ಎದೆಯೆತ್ತರ ನಿಂತಿತ್ತು. ಒಂದು ಹೊಲದಲ್ಲಿ ಬೆಂಕಿ ಹಾಕಿ ಎಳೆ ಜೋಳದ ತೆನೆ ಸುಡುತ್ತಿದ್ದರು, ಸೀತನಿಯ ವಾಸನೆ ರಸ್ತೆಯವರೆಗೆ ಬರುತ್ತಿತ್ತು. ಹೊಲದ ಮುದುಕಿಯೊಬ್ಬಳು ನಮ್ಮನ್ನು ಕಂಡು ಬದುವಿಗೆ ಬಂದಳು. ಅಕ್ಕಲಕೋಟೆಯ ಸ್ವಾಮಿಗಳ ಮಠಕ್ಕೆ ಹರಕೆ ಹೊತ್ತು ನಡೆದುಹೋಗುವವರನ್ನು ಆ ರಸ್ತೆ ದಿನವೂ ನೋಡುತ್ತಿತ್ತು.

"ಯಾವ ಹರಕಿ ಹೊತ್ತಿ, ನನ್ನವ್ವ? ಇಂಥಾ ಕಾಲಿಲೆ ನಡದ ಬಂದಿಯಲ್ಲ," ಎಂದವಳೇ ಬಗ್ಗಿ ನನ್ನ ಬೂಟಿನ ಮೇಲೆ ಕೈ ಇಟ್ಟು ಹಣೆಗೆ ಒತ್ತಿಕೊಂಡಳು.

ನಾನು ಹಿಂದೆ ಸರಿದೆ. "ಹರಕಿ ಅಲ್ಲಬೇ ಆಯಿ. ಸಾಲಿದು. ಎಲ್ಲಾರೂ ನಡದಾರ, ನಾನೂ ನಡ್ಯಾಕತ್ತೀನಿ."

"ಕಾಲ ಚೊಲೋ ಆಗ್ಲಿ ಅಂತ ಬೇಡಕೊಂಡಿಲ್ಲೇನು?"

"ಇಲ್ಲ. ಈ ಕಾಲು ಇಷ್ಟ."

ಮುದುಕಿ ನಂಬಲಿಲ್ಲ. ಆದರೂ ಉಡಿಯಿಂದ ಬಿಸಿ ಸೀತನಿ ತೆಗೆದು ಇಬ್ಬರಿಗೂ ಕೊಟ್ಟಳು. ಸರ್ ಅದನ್ನು ತಿನ್ನುತ್ತ ಮೊದಲ ಸಲ ನಕ್ಕರು.

ಅರ್ಧಕ್ಕಿಂತ ಹೆಚ್ಚು ದಾರಿ ಆದ ಮೇಲೆ ತೊಡೆಯ ಮೇಲಿನ ಪಟ್ಟಿ ಕಿತ್ತುಹೋಯಿತು. ಹೊಲಿಗೆ ಬಿಟ್ಟು ಕೊಕ್ಕೆ ಕೈಗೆ ಬಂತು. ಪಟ್ಟಿಯಿಲ್ಲದೆ ಸರಳು ನಿಲ್ಲುವುದಿಲ್ಲ, ಸರಳಿಲ್ಲದೆ ಕಾಲು ನಿಲ್ಲುವುದಿಲ್ಲ. ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತೆ. ಸರ್ ತಲೆಯ ಕರವಸ್ತ್ರ ಬಿಚ್ಚಿ ಕೊಟ್ಟರು, ಅದು ಸುತ್ತಲು ಸಾಲಲಿಲ್ಲ. ದೂರದಲ್ಲಿ ಒಂದು ಎಸ್‌.ಟಿ. ಬಸ್ಸು ಕಂಡಿತು.

"ಈಗ ಸಾಕು," ಎಂದರು ಸರ್. ಅವರ ದನಿಯಲ್ಲಿ ಕೋಪವಿರಲಿಲ್ಲ. "ಇಲ್ಲೀತನಾ ಬಂದೀಯಲ್ಲ, ಅದ ಭಾಳ ಆತು. ಕೈ ಮಾಡ್ತೀನಿ."

ಅವರು ಹಾಗೆ ಮೃದುವಾಗಿ ಹೇಳಿದ್ದರಿಂದಲೇ ನನಗೆ ಅಳು ಬಂತು. ಅಳುತ್ತಲೇ ಎರಡೂ ಜಡೆಯ ಕೆಂಪು ರಿಬ್ಬನ್ನು ಬಿಚ್ಚಿದೆ. ಒಂದಕ್ಕೊಂದು ಗಂಟು ಹಾಕಿ ಸರಳಿನ ಸುತ್ತ, ತೊಡೆಯ ಸುತ್ತ ಬಿಗಿದು ಕಟ್ಟಿದೆ. ಬಸ್ಸು ಹತ್ತಿರ ಬರುವಷ್ಟರಲ್ಲಿ ಕೊಂಡಿ ಇಳಿಸಿ ಎದ್ದು ನಿಂತಿದ್ದೆ. ಸರ್ ಅರ್ಧ ಎತ್ತಿದ್ದ ಕೈಯಿಂದ ಬಸ್ಸಿಗೆ ಹೋಗು ಎಂದು ಸನ್ನೆ ಮಾಡಿದರು.

ಮೈದಾನ ಮುಟ್ಟುವಾಗ ಸಭೆ ಮುಗಿದು ಜಮಖಾನೆ ಸುತ್ತುತ್ತಿದ್ದರು. ಗಣ್ಯರು ಹೋಗಿಬಿಟ್ಟಿದ್ದರು. ನಮ್ಮ ಹುಡುಗಿಯರು ಊಟ ಮುಗಿಸಿ ಮರದ ಕೆಳಗೆ ಕಾಲು ಚಾಚಿದ್ದರು. ವೇದಿಕೆಯ ಮೇಲೆ ಮಾತ್ರ ವಸತಿಗೃಹದ ಮಕ್ಕಳು ಸಾಲಾಗಿ ಕುರ್ಚಿಗಳಲ್ಲಿ, ಕೊರಳಲ್ಲಿ ಮಾಲೆ ಹಾಕಿಕೊಂಡು, ತಮ್ಮ ಗಾಡಿಗಾಗಿ ಕಾಯುತ್ತ ಕೂತಿದ್ದರು. ಜಡೆ ಬಿಚ್ಚಿಹೋಗಿ, ಮುಖಕ್ಕೆ ಧೂಳು ಮೆತ್ತಿ ನಾನು ಒಳಗೆ ಬಂದದ್ದನ್ನು ಕಂಡು ಮೋಠ್ಯಾ ಬಾಯಿ ಓಡಿಬಂದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ನನ್ನ ಕೈ ಹಿಡಿದು ವೇದಿಕೆಯ ಕಡೆ ಎಳೆದರು, ಫೋಟೊದವನನ್ನು ಕೂಗಿದರು.

"ಈ ಮಕ್ಕಳ ನಡುವೆ ಕೂತುಕೋ. ಒಂದು ಫೋಟೊ ತೆಗೆಯಲಿ."

ವೇದಿಕೆಯ ಮೇಲೆ ಒಂದು ಖಾಲಿ ಕುರ್ಚಿ ಇತ್ತು. ನನಗಾಗಿ ಇಟ್ಟದ್ದೋ, ಯಾರೋ ಎದ್ದುಹೋದದ್ದೋ, ಗೊತ್ತಿಲ್ಲ. ನಾನು ಮೆಟ್ಟಿಲ ಬಳಿ ನಿಂತೆ.

"ಬೇಡ ಬಾಯಿ. ಉಳಿದವರಿಗೆ ಏನು ಕೊಟ್ಟಿರೋ ಅದನ್ನು ಕೊಡಿ ಸಾಕು."

"ಅವರಿಗೆಲ್ಲ ಪೂರಿ ಭಾಜಿ ಕೊಟ್ಟೆವು," ಎಂದರು ಅವರು, ಅರ್ಥವಾಗದೆ.

"ಹಾಗಾದರೆ ನನಗೂ ಪೂರಿ ಭಾಜಿ."

ಅವರ ಮುಖ ಸಣ್ಣದಾಯಿತು. ನೋವಾಗಿತ್ತು ಅವರಿಗೆ. ಡ್ರಿಲ್ ಸರ್ ಹೋಗಿ ಎರಡು ಪತ್ರಾವಳಿಯಲ್ಲಿ ತಣ್ಣಗಾದ ಪೂರಿ ಹಾಕಿಸಿಕೊಂಡು ಬಂದು, ಒಂದನ್ನು ನನಗೆ ಕೊಟ್ಟು, ಇನ್ನೊಂದನ್ನು ಹಿಡಿದುಕೊಂಡು ನೆಲದ ಮೇಲೆ ಕೂತರು.

ನಾನು ವೇದಿಕೆಯ ಅಂಚಿಗೆ ಒರಗಿ ತಿನ್ನುತ್ತಿದ್ದೆ. ಮೇಲಿನಿಂದ ಯಾರೋ ಮಾತಾಡಿಸಿದರು. ನನ್ನ ವಯಸ್ಸಿನವಳೇ, ಎರಡೂ ಕಂಕುಳಲ್ಲಿ ಊರುಗೋಲು ಇಟ್ಟುಕೊಂಡು ಕುರ್ಚಿಯ ತುದಿಗೆ ಸರಿದು ಕೂತಿದ್ದಳು.

"ಸ್ಟೇಷನ್ನಿಂದ ನಡಕೋಂತ ಬಂದಿ?"

"ಹೂಂ."

"ನಮ್ಮ ಸಲುವಾಗಿ?"

ಹೂಂ ಎನ್ನಲು ಬಾಯಿ ತೆರೆದೆ. ಅವಳ ಮುಖ ನೋಡಿ ನಿಂತೆ. "ಇಲ್ಲ," ಎಂದೆ. "ನನ್ನ ಸಲುವಾಗಿ."

ಅವಳಿಗೆ ಆ ಉತ್ತರ ಹಿಡಿಸಿದಂತೆ ಕಂಡಿತು. "ನಮ್ಮನ್ನ ಯಾರೂ ಕೇಳಲಿಲ್ಲ," ಎಂದಳು. "ಮುಂಜಾನಿಂದ ಇಲ್ಲೇ ಕುಂತೀವಿ. ಮಾಲಿ ಚುಚ್ಚಾಕತ್ತಾವ. ಸ್ಟೇಷನ್ನಿಂದ ನನ್ನ ಕೈಲೆ ಆಗಾಂಗಿಲ್ಲ. ಊರ ಬಾಯಾಗಿನ ಜಕಾತಿ ನಾಕಾದಿಂದ ಆಗತೈತಿ."

ಒಂದು ವರ್ಷ ನಾನು ಕುರ್ಚಿಯಿಂದ ಇಳಿಯುವುದನ್ನೇ ಧ್ಯಾನಿಸಿದ್ದೆ. ಆ ಸಾಲಿನಲ್ಲಿ ಇನ್ನೂ ಎಷ್ಟೋ ಕುರ್ಚಿಗಳಿವೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಮುಂದಿನ ವರ್ಷ ನಡಿಗೆಯ ಮಾತು ಬಂದಾಗ ನಾನು ಮೊದಲೇ ಮೋಠ್ಯಾ ಬಾಯಿಯವರ ಕೋಣೆಗೆ ಹೋದೆ. ವಸತಿಗೃಹದ ಮಕ್ಕಳಲ್ಲಿ ಇಷ್ಟವಿದ್ದವರು ನಾಕಾದಿಂದ ಮೈದಾನದವರೆಗೆ ನಡೆಯಲಿ ಎಂದೆ. ಅವರು ಕನ್ನಡಕ ತೆಗೆದಿಟ್ಟರು.

"ಅವರಿಗಾಗಿ ನಾವು ಕೂಡಿಸುವುದು. ಅವರನ್ನೇ ನಡೆಸಿದರೆ ಕೊಡುವವರಿಗೆ ಏನೆನಿಸುತ್ತದೆ?"

"ನಡೆಯುವವರಿಗೆ ಏನೆನಿಸುತ್ತದೆ ಎಂದು ಅವರನ್ನು ಕೇಳಿ ನೋಡಿ ಬಾಯಿ."

"ನೀನು ಬಹಳ ಮಾತು ಕಲಿತಿದ್ದೀಯ," ಎಂದರು. ಬಾಗಿಲಲ್ಲಿ ನಿಂತಿದ್ದ ಡ್ರಿಲ್ ಸರ್, ನಾನೇ ಅವರ ಜೊತೆ ನಡೆಯುತ್ತೇನೆ, ಜವಾಬ್ದಾರಿ ನನ್ನದು ಎಂದರು. ಮೋಠ್ಯಾ ಬಾಯಿ ಒಪ್ಪಲು ವಾರಗಟ್ಟಲೆ ಹಿಡಿಯಿತು. ಒಪ್ಪಿದ ಮೇಲೆ ತಾವೇ ವಸತಿಗೃಹಕ್ಕೆ ಹೋಗಿ ಒಬ್ಬೊಬ್ಬ ಮಗುವನ್ನೂ ಕೇಳಿಬಂದರು. ಬೇಡ ಎಂದವರೂ ಇದ್ದರು, ಅವರನ್ನು ಒತ್ತಾಯಿಸಲಿಲ್ಲ.

ನಡಿಗೆಯ ದಿನ ಹೊರಡುವಾಗ ಆಯಿ ಬಾಗಿಲಿಗೆ ಬಂದಳು. ಒಂದು ವರ್ಷದಲ್ಲಿ ಅವಳ ಮಾತು ಸ್ವಲ್ಪ ಸ್ವಲ್ಪವಾಗಿ ತಿರುಗಿ ಬಂದಿತ್ತು, ಒಪ್ಪಿಗೆ ಬಂದಿರಲಿಲ್ಲ. ನನ್ನ ಲಂಗ, ಬೂಟು ನೋಡಿ, "ನಿನ್ನ ಹಣಿಬಾರ," ಎಂದಳು. ಆಮೇಲೆ, "ಪಟ್ಟಿ ಗಟ್ಟಿ ಹೊಲಿಸೀಯಿಲ್ಲೋ?" ಎಂದು ಕೇಳಿದಳು.

ಆ ಸಲವೂ ನಿಲ್ದಾಣದಿಂದ ಹೊರಟವರಲ್ಲಿ ನಾನು ಎಲ್ಲರಿಗಿಂತ ಹಿಂದೆ. ನಾಕಾ ಮುಟ್ಟಿದಾಗ ವಸತಿಗೃಹದವರು ನಡೆಯಲು ಶುರುಮಾಡಿದ್ದರು. ಸರ್ ಸಣ್ಣ ಮಕ್ಕಳ ಜೊತೆ ಮುಂದಿದ್ದರು. ಊರುಗೋಲಿನ ಹುಡುಗಿ ಹಿಂದೆ ಉಳಿದಿದ್ದಳು. ಊರುಗೋಲು ಎರಡೂ ಮುಂದಿಟ್ಟು, ಮೈಯನ್ನು ಎತ್ತಿ ಎಸೆದಂತೆ ಮುಂದೆ ತರುತ್ತಿದ್ದಳು. ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದಳು. ಅಂಗಡಿಯವರು ಹೊರಗೆ ಬಂದು ನೋಡುತ್ತಿದ್ದರು. ನಾನು ಅವಳನ್ನು ಕೂಡಿಕೊಂಡೆ. ಸ್ವಲ್ಪ ದೂರ ಜೊತೆಯಾಗಿ ಹೋದೆವು. ಅವಳು ನನಗಿಂತ ನಿಧಾನ. ನಾನು ಅವಳಿಗಾಗಿ ಹೆಜ್ಜೆ ತಡೆದೆ, ನಿಂತೆ, ಮತ್ತೆ ತಡೆದೆ. ಅವಳು ಅದನ್ನು ಕಂಡಳು.

"ನಿನಗ ದಣುವಾತೇನು?" ಎಂದು ಕೇಳಿದಳು.

"ಇಲ್ಲ."

"ಮತ್ಯಾಕ ನಿಂದರ್ತಿ?"

ನಾನು ತೊಡೆಯ ಪಟ್ಟಿ ಸರಿಮಾಡಿಕೊಳ್ಳುವಂತೆ ಬಗ್ಗಿದೆ.

"ನನ್ನ ಸಲುವಾಗಿ ನಿಂತ್ರ ನಾ ಇಲ್ಲೇ ಕುಂತ ಬಿಡ್ತೀನಿ ನೋಡು," ಎಂದಳು. "ನಿನಗ ಎಷ್ಟ ಆಗತೈತಿ ಅಷ್ಟ ನಡಿ. ನಾ ಬರ್ತೀನಿ."

ಅವಳು ಹೇಳಿದ್ದು ತಮಾಷೆಗಲ್ಲ. ಊರುಗೋಲಿಗೆ ಮೈಭಾರ ಬಿಟ್ಟು ನಿಂತೇಬಿಟ್ಟಳು, ನಾನು ಹೊರಡುವ ತನಕ ಕದಲಲಿಲ್ಲ. ನಾನು ತಿರುಗಿ ನೋಡದೆ ನಡೆದೆ. ಕಾಲನ್ನು ಬೀಸಿ ಬೀಸಿ, ನನ್ನ ಪೂರ್ತಿ ವೇಗದಲ್ಲಿ. ಹುಟ್ಟಿದಾಗಿನಿಂದ ಯಾರನ್ನೂ ಹಿಂದೆ ಹಾಕಿರಲಿಲ್ಲ. ಅಯ್ಯೋ ಪಾಪ ಎನಿಸಬೇಕೆಂದು ಮನಸ್ಸಿನಲ್ಲಿ ಹುಡುಕಿದೆ, ಅದು ಸಿಗಲಿಲ್ಲ. ಗೆಲ್ಲುವುದೆಂದರೆ ಹೀಗಿರುತ್ತದೆ ಎಂದು ಖುಷಿಯೇ ಆಯಿತು.

ಮೈದಾನದಲ್ಲಿ ಪೂರಿಯ ಸರದಿಯಲ್ಲಿ ನಿಂತಿದ್ದಾಗ ಅವಳು ಬಂದಳು. ಬೆವರಿನಿಂದ ಕೂದಲು ಹಣೆಗೆ ಅಂಟಿತ್ತು. ಯಾರೋ ಹಿರಿಯರು, ನೀನು ಮುಂದೆ ಹೋಗು ತಾಯಿ ಎಂದು ದಾರಿ ಬಿಟ್ಟರು. ಅವಳು ತಲೆ ಅಲ್ಲಾಡಿಸಿ ಸರದಿಯ ತುದಿಗೆ ಹೋಗಿ ನಿಂತಳು. ಅಲ್ಲಿಂದ ನನ್ನ ಕಡೆ ನೋಡಿ, "ಮುಂದಿನ ವರ್ಷ ನಾ ಮುಂದ ಇರ್ತೀನಿ," ಎಂದಳು.

"ನೋಡೂಣಂತ," ಎಂದೆ ನಾನು.